ಭೋಂಗಾ ಆದ ಮೇಲೆ ಕೂತವನು

2024ರ ಫೆಬ್ರವರಿ 6, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಎರಡು ನಿಮಿಷಕ್ಕೆ ರಾಜರತ್ನನ ಎಡ ಅಂಗಾಲಿಗೆ ಕಲ್ಲಿನ ಚೂರೊಂದು ಹೊಕ್ಕಿತು.

ಶಹಾಬಾದಿನಲ್ಲಿ ಇದೊಂದು ಸುದ್ದಿಯೇ ಅಲ್ಲ. ನೆಲ ಕಲ್ಲಿನದು, ಗೋಡೆ ಕಲ್ಲಿನದು, ಮಾಳಿಗೆ ಕಲ್ಲಿನದು. ಅಂಥ ಊರಿನಲ್ಲಿ ಕಾಲಿಗೆ ಚೂರು ಹೊಗದೆ ಸೇವಂತಿಗೆ ಹೊಗುತ್ತದೆಯೆ? ಆದರೆ ಈ ಚೂರು ಹೊಕ್ಕ ಜಾಗ ಮತ್ತು ಹೊತ್ತು ಎರಡೂ ಸರಿಯಿರಲಿಲ್ಲ. ಜಾಗ, ಭಂಕೂರ ರಸ್ತೆಯ ಪಾಲಿಶ್ ಕಾರ್ಖಾನೆಯ ಗೇಟಿನ ಒಳಗೆ, ಬೇವಿನ ಗಿಡದ ಬುಡ. ಹೊತ್ತು, ಕೆಲಸ ಶುರುಮಾಡುವ ಸೈರನ್ನು, ಊರಿನವರ ಬಾಯಲ್ಲಿ ಭೋಂಗಾ, ಕೂಗಿ ಎರಡು ನಿಮಿಷ.

ರಾಜರತ್ನ ಆ ಕಾರ್ಖಾನೆಯಲ್ಲಿ ಕಲ್ಲಿನ ದಪ್ಪ ಅಳೆಯುವವನು. ಪಾಲಿಶ್ ಆಗಿ ಬಂದ ನೆಲಕ್ಕೆ ಹಾಸುವ ಪ್ರತಿ ಪರಸಿಕಲ್ಲಿನ ನಾಲ್ಕು ಮೂಲೆಗೂ ವರ್ನಿಯರ್ ಕ್ಯಾಲಿಪರ್ ಹಚ್ಚಿ, ಇಪ್ಪತ್ತು ಮಿಲಿಮೀಟರಿಗೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಸೀಮೆಸುಣ್ಣದಲ್ಲಿ ಬರೆಯುವುದು ಅವನ ಕೆಲಸ. ಆ ಕ್ಯಾಲಿಪರ್ ಅವನ ಅಂಗಿ ಜೇಬಿನಲ್ಲಿ ಪೆನ್ನಿನ ಹಾಗೆ ಸದಾ ಇರುತ್ತಿತ್ತು. ಒಮ್ಮೆ ಮನೆಯಲ್ಲಿ ಹೆಂಡತಿ ಸುಜಾತಾಳ ರೊಟ್ಟಿಯನ್ನೂ ಅಳೆದು, "ಅಂಚಿನಾಗ ಎರಡೂವರಿ, ನಡುವ ನಾಕು" ಎಂದು ವರದಿ ಕೊಟ್ಟಿದ್ದ. ಅಂದು ಅವನಿಗೆ ಮೂರನೆಯ ರೊಟ್ಟಿ ಬೀಳಲಿಲ್ಲ.

ವಯಸ್ಸು ನಲವತ್ತನಾಲ್ಕು. ಕೆಲಸ ಗುತ್ತಿಗೆಯದು. ಹನ್ನೊಂದು ತಿಂಗಳಿಗೊಮ್ಮೆ ಒಂದು ದಿನ ಮನೆಯಲ್ಲಿ ಕೂರಿಸಿ ಮರುದಿನ ಹೊಸಬನೆಂದು ಸೇರಿಸಿಕೊಳ್ಳುತ್ತಿದ್ದರು. ಹೀಗೆ ಹನ್ನೊಂದು ವರ್ಷದಲ್ಲಿ ಅವನು ಅದೇ ಕಾರ್ಖಾನೆಗೆ ಹನ್ನೆರಡು ಸಲ ಹೊಸದಾಗಿ ಸೇರಿದ್ದ. ಕಳೆದ ಶನಿವಾರ ಮ್ಯಾನೇಜರ್ ಗುರುಲಿಂಗಯ್ಯ ಅವನನ್ನು ಪಕ್ಕಕ್ಕೆ ಕರೆದು, "ಯಾರ್ಡ್ ಸೂಪರ್‌ವೈಸರ್ ಪೋಸ್ಟ್ ಒಂದು ಕಾಯಂ ಆಗ್ಯಾದ. ನಿನ್ನ ಹೆಸರು ಹಾಕೀನಿ. ಮಂಗಳವಾರ ಹತ್ತಕ್ಕ ಬಂದು ಲೆಟರ್ ತಗೊ. ಅಲ್ಲೀತನಕ ಯಾರಿಗೂ ಹೇಳಬ್ಯಾಡ" ಎಂದಿದ್ದರು. ಇಪ್ಪತ್ತು ವರ್ಷದಲ್ಲಿ ಆ ಕಾರ್ಖಾನೆ ಕಂಡ ಮೊದಲ ಕಾಯಂ ಕೆಲಸ ಅದು.

ರಾಜರತ್ನ ಸುಜಾತಾಳಿಗೆ ಮಾತ್ರ ಹೇಳಿದ. ಸುಜಾತಾ ಪಕ್ಕದ ಮನೆಯ ನಾಗರತ್ನಾಳಿಗೆ ಮಾತ್ರ ಹೇಳಿದಳು. ಭಾನುವಾರ ಸಂಜೆಯ ಹೊತ್ತಿಗೆ ಓಣಿಯಲ್ಲಿ ವಿಷಯ ಗೊತ್ತಿಲ್ಲದವರೆಂದರೆ ಎಮ್ಮೆಗಳು ಮಾತ್ರ.

ಹಾಗಾಗಿ ಮಂಗಳವಾರ ಅವನು ಮನೆ ಬಿಡುವುದೇ ಕಷ್ಟವಾಯಿತು. ಒಬ್ಬರು ಬಾಯಿಗೆ ಸಕ್ಕರೆ ಹಾಕಿದರು. ಇನ್ನೊಬ್ಬರು ಭಾವಮೈದುನನ ಅರ್ಜಿ ಜೇಬಿಗೆ ತುರುಕಿದರು. ನಾಗರತ್ನಾ ಅವನ ಕಾಲು ನೋಡಿ ಗಲ್ಲಕ್ಕೆ ಕೈ ಹಚ್ಚಿದಳು.

"ಯವ್ವಾ, ಟಾಯರ್ ಚಪ್ಲಿ ಹಾಕ್ಕೊಂಡು ಲೆಟರ್ ತರ್ಲಾಕ ಹೊಂಟಾನಲ್ಲ! ಸಾಹೇಬ್ರು ಪಂಕ್ಚರ್ ತಿದ್ದವ ಬಂದಾನ ಅಂತಾರ!"

ಟಾಯರ್ ಚಪ್ಪಲಿ ಕಳಚಿತು. ಮದುವೆ ಮುಂಜಿಗೆಂದು ತೆಗೆದಿಟ್ಟ ತೆಳ್ಳನೆಯ ತೊಗಲಿನ ಚಪ್ಪಲಿ ಕಾಲಿಗೆ ಬಂತು. ಯಾವಾಗಲೂ ಎಂಟಕ್ಕೆ ಹತ್ತು ನಿಮಿಷವಿರುವಾಗಲೇ ಗೇಟು ದಾಟುತ್ತಿದ್ದ ರಾಜರತ್ನ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಭೋಂಗಾ ಆದ ಮೇಲೆ ಒಳಗೆ ಬಂದ. ಆಗಲೇ ಆ ಚೂರು, ತೆಳ್ಳನೆಯ ಅಟ್ಟೆಯನ್ನು ಹಪ್ಪಳದಂತೆ ತೂರಿಕೊಂಡು ಅಂಗಾಲಿಗೆ ಹೊಕ್ಕಿದ್ದು.

ಬೇವಿನ ಕೆಳಗೆ ಎಂಟಡಿ ಉದ್ದದ ದಪ್ಪ ಹಾಸುಗಲ್ಲು ಇತ್ತು. ಅವನು ಅದರ ಮೇಲೆ ಕೂತ. ಚಪ್ಪಲಿ ಕಳಚಿ, ಎಡಗಾಲನ್ನು ಬಲತೊಡೆಯ ಮೇಲಿಟ್ಟು, ತಲೆ ಬಗ್ಗಿಸಿ, ಕ್ಯಾಲಿಪರಿನ ಚೂಪು ತುದಿಯಿಂದ ಚೂರನ್ನು ಹಿಡಿಯಲು ನೋಡತೊಡಗಿದ.

ಇಲ್ಲಿ ಆ ಕಲ್ಲಿನ ವಿಷಯ ಹೇಳಬೇಕು. ಅದರ ಹೆಸರು ಹರತಾಳದ ಕಲ್ಲು. ಭೋಂಗಾಕ್ಕೆ ಮೊದಲು, ಊಟದ ಹೊತ್ತಿನಲ್ಲಿ, ಸಂಜೆ ಕೆಲಸ ಬಿಟ್ಟ ಮೇಲೆ ಅದರ ಮೇಲೆ ಯಾರಾದರೂ ಕೂರಬಹುದು, ಆಡೂ ಮಲಗಬಹುದು. ಆದರೆ ಕೆಲಸದ ಹೊತ್ತಿನಲ್ಲಿ ಒಬ್ಬ ಕೆಲಸಗಾರ ಅದರ ಮೇಲೆ ಕೂತನೆಂದರೆ ಹರತಾಳ ಶುರುವಾಯಿತೆಂದೇ ಅರ್ಥ. ಘೋಷಣೆ ಬೇಕಿಲ್ಲ, ಬಾವುಟ ಬೇಕಿಲ್ಲ. ನೋಡಿದವನು ಕೈಯಲ್ಲಿದ್ದದ್ದನ್ನು ಇಳಿಸಿ ಬಂದು ಕೂರಬೇಕು. ಹಾಜರಿಯ ಮಸ್ಟರಿನಲ್ಲಿ ಹೆಸರಿದ್ದ ಕೊನೆಯವನು ಕೂರುವ ತನಕ ಕಾರಣ ಕೇಳಬಾರದು, ಹೇಳಲೂಬಾರದು. ಮೊದಲೇ ಕಾರಣ ಹೇಳಿದರೆ, ಇದು ನನ್ನ ನೋವು, ಅದು ನಿನ್ನ ನೋವು ಎಂದು ಮಂದಿ ಒಡೆಯುತ್ತಾರೆಂದು ಹಿರಿಯರು ಮಾಡಿದ ಕಾಯ್ದೆ. 1987ರಲ್ಲಿ ಹಾಗೆ ಮೊದಲು ಕೂತವನು ರಾಜರತ್ನನ ಅಪ್ಪ ಸಾಯಬಣ್ಣ. ಅಂದು ಶುರುವಾದ ಹರತಾಳ ನಲವತ್ತೊಂದು ದಿನ ನಡೆದು, ಎಲ್ಲರ ಕಾಲಿಗೂ ಬೂಟು ತಂದಿತ್ತು. ಆಮೇಲೆ ಗುತ್ತಿಗೆ ಬಂತು, ಸಂಘ ಹೋಯಿತು, ಬೂಟೂ ಹೋಯಿತು. ಕಲ್ಲು ಮಾತ್ರ ಉಳಿಯಿತು. ಅದನ್ನು ಕಿತ್ತು ಹಾಕಿಸಲು ಕಾರ್ಖಾನೆಯವರು ಎರಡು ಸಲ ನೋಡಿದರು. ಆದರೆ ಅದನ್ನು ಎತ್ತಬೇಕಾದವರೂ ಅದೇ ಕೆಲಸಗಾರರು. ಎರಡು ಸಲವೂ ಎಲ್ಲರ ಸೊಂಟ ಒಟ್ಟಿಗೇ ಉಳುಕಿತ್ತು.

ಇಪ್ಪತ್ತೊಂದು ವರ್ಷದಿಂದ ಕೆಲಸದ ಹೊತ್ತಿನಲ್ಲಿ ಆ ಕಲ್ಲಿನ ಮೇಲೆ ಯಾರೂ ಕೂತಿರಲಿಲ್ಲ.

ಮೊದಲು ನೋಡಿದವಳು ಯಂಕಮ್ಮ, ಈಗಿದ್ದವರಲ್ಲಿ ಎಲ್ಲರಿಗಿಂತ ಮೊದಲು ಸೇರಿದವಳು. ಇಪ್ಪತ್ತೆರಡು ವರ್ಷದಿಂದ ಕಲ್ಲು ಹೊತ್ತು ಹೊತ್ತು ಅವಳ ನಡಿಗೆಯೇ ತಕ್ಕಡಿಯಂತೆ ಸಮತೂಕವಾಗಿತ್ತು. ಆ ಯಾರ್ಡಿನಲ್ಲಿ ಯಾವ ಕಲ್ಲು ಎಲ್ಲಿದೆಯೆಂದು ರಜಿಸ್ಟರಿಗಿಂತ ಅವಳಿಗೇ ಹೆಚ್ಚು ಗೊತ್ತು. ತಲೆಯ ಮೇಲಿದ್ದ ಕಲ್ಲನ್ನು ಅವಳು ನಿಧಾನವಾಗಿ ಇಳಿಸಿದಳು. ಸಿಂಬಿ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಬಂದು ರಾಜರತ್ನನ ಪಕ್ಕದಲ್ಲಿ ಕೂತಳು.

"ಯಾಕಕ್ಕಾ, ದಣಿವಾಯ್ತೇನು?" ಎಂದ ರಾಜರತ್ನ, ತಲೆ ಎತ್ತದೆ.

ಯಂಕಮ್ಮ ಸೆರಗಿನಿಂದ ಮುಖದ ಪುಡಿ ಒರೆಸಿಕೊಂಡಳು. ಅವಳ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಸೊಹೇಲ್ ಗಾಡಿಯನ್ನು ಬಂದ್ ಮಾಡಿದ. ಕಲ್ಲುಗಳು ಅರ್ಧ ಎತ್ತರದಲ್ಲಿ ಹಾಗೇ ನಿಂತವು. ಕಟಿಂಗ್ ಮಶಿನ್ ಒಂದು ನಿಂತಿತು, ಎರಡು ನಿಂತಿತು. ಪಾಲಿಶ್ ಮಶಿನ್ ಕೊನೆಯ ಸಲ ಗೊರಕೆ ಹೊಡೆದು ಸುಮ್ಮನಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ರಾಜರತ್ನನಿಗೆ ಬೇವಿನ ಗಿಡದಲ್ಲಿ ಹಕ್ಕಿಗಳಿರುವುದು ಕೇಳಿಸಿತು. ತಲೆ ಎತ್ತಿದ. ಬಿಳಿ ಪುಡಿ ಮೆತ್ತಿದ ಮುಖಗಳು ನಾಲ್ಕು ದಿಕ್ಕಿನಿಂದ ಅವನ ಕಡೆಗೇ ಬರುತ್ತಿದ್ದವು.

ಆಗ ಅವನಿಗೆ ತಾನು ಎಲ್ಲಿ ಕೂತಿದ್ದೇನೆಂದು ಹೊಳೆಯಿತು. ಕಾದ ಹಂಚಿನ ಮೇಲೆ ಕೂತವನಂತೆ ಮೇಲೆದ್ದ. ಪೂರ್ತಿ ಏಳುವ ಮೊದಲೇ ಯಂಕಮ್ಮ ಅವನ ಮಣಿಕಟ್ಟು ಹಿಡಿದು ಕೆಳಗೆ ಎಳೆದಳು. ಇಪ್ಪತ್ತೆರಡು ವರ್ಷ ಕಲ್ಲು ಹಿಡಿದ ಕೈ ಅದು.

"ಮೊದ್ಲು ಕುಂತವ ಏಳಬಾರ್ದಪಾ."

"ಅಕ್ಕಾ, ಕೇಳಿಲ್ಲಿ, ನಾ ಹರತಾಳಕ್ಕ..."

"ಶ್! ಕಾರಣ ಹೇಳಬಾರ್ದು. ಕಡೀ ಮಂದಿ ಕುಂದ್ರಲಿ."

"ಕಾರಣ ಅಲ್ಲಕ್ಕಾ, ನನ್ ಕಾಲಾಗ..."

"ಸಾಯಬಣ್ಣನ ಮಗ ಆಗಿ ಕಾಯ್ದೆ ಮುರೀತೀಯೇನು? ಬಾಯಿ ಮುಚ್ಕೊಂಡು ಕುಂದ್ರು."

ರಾಜರತ್ನ ಬಾಯಿ ಮುಚ್ಚಿಕೊಂಡು ಕೂತ. ಅವಳು ಮಾತ್ರ ಮಣಿಕಟ್ಟು ಬಿಡಲಿಲ್ಲ.

ಗೇಟಿನ ಎದುರು ಮುಬೀನನ ಚಹಾದಂಗಡಿ. ಅಲ್ಲಿ ದಿನಾ ಬೆಳಿಗ್ಗೆ ಒಂದು ಚಹಾ ಕುಡಿದು ಹನ್ನೆರಡರವರೆಗೆ ಕೂರುವ ಎಪ್ಪತ್ತಾರರ ಲಾಲಪ್ಪ ಎಂದರೆ ಹಳೆಯ ಸಂಘದ ಕಾರ್ಯದರ್ಶಿ. ಮಶಿನ್‌ಗಳ ಸದ್ದು ನಿಂತದ್ದು ಅವನ ಕಿವಿಗೆ ಬಿದ್ದಾಗ ಚಹಾದ ಬಸಿ ಕೈಯಲ್ಲೇ ಇತ್ತು. ಕೋಲು ಊರಿಕೊಂಡು ಗೇಟಿಗೆ ಬಂದ. ಕಲ್ಲಿನ ಮೇಲೆ ಕೂತವನನ್ನು ನೋಡಿದ. ತಲೆಯ ರುಮಾಲು ತೆಗೆದ. ಬಣ್ಣ ಮಾಸಿ ಈಗ ಗುಲಾಬಿಯಾಗಿದ್ದ ಅದು ಒಂದು ಕಾಲದ ಕೆಂಪು ಬಾವುಟ.

"ಥೇಟ್ ಸಾಯಬಣ್ಣನಂಗೇ ಕುಂತಾನ್ರೋ!" ಎಂದ. "ಎಡಗಾಲು ಬಲಗಾಲಿನ ಮ್ಯಾಲ ಹಾಕಿ, ತಲಿ ಬಗ್ಗಿಸಿ, ಏನೂ ಮಾತಾಡದ! ಆವಾಗ ವಾಡಿಯಿಂದ ರೈಲ್ವೆ ಮಂದಿ ರೊಟ್ಟಿ ಗಂಟು ಕಳಿಸ್ತಿದ್ರು. ಚಿತ್ತಾಪುರದ ಸಂತ್ಯಾಗ ಹೆಣ್ಮಕ್ಳು ಸೆರಗು ಹಿಡಿದು ಜ್ವಾಳ ಎತ್ತಿ ತಂದ್ರು. ನಲವತ್ತೊಂದು ದಿನ ಯಾರ ಮನ್ಯಾಗೂ ಒಲಿ ಆರಲಿಲ್ಲ. ಈಗಿನ ಮಂದಿಗಿ ಬೆನ್ನೆಲುಬಿಲ್ಲ ಅಂತ ನಿನ್ನೀನೇ ಈ ಮುಬೀನಗ ಹೇಳಾಕತ್ತಿದ್ದೆ. ತಪ್ಪಾತು, ನನ್ನ ಮಾತು ತಪ್ಪಾತು!"

"ನಿನ್ನೆ ಯಾಕ, ಮೊನ್ನೆ ಯಾಕ, ಹತ್ತು ವರ್ಷದಿಂದ ಅದೇ ಹೇಳಾಕತ್ತೀ ಚಾಚಾ" ಎಂದ ಮುಬೀನ, ಚಹಾದ ಕೆಟಲಿ ಹಿಡಿದು ಬರುತ್ತ. "ತಗೋರಿ, ತಗೋರಿ. ಹರತಾಳದ ಚಾ. ನಮ್ಮಪ್ಪ ಪುಕ್ಕಟೆ ಕೊಡ್ತಿದ್ದ, ನಾನೂ ಕೊಡ್ತೀನಿ. ನಲವತ್ತೊಂದು ದಿನ ಮಾತ್ರ ಮಾಡಬ್ಯಾಡ್ರಿ, ಅಂಗಡಿ ಮುಚ್ಚತೀನಿ."

ಸೊಹೇಲ್ ಒಂದು ಫೋಟೋ ಹೊಡೆದು ಮೊಬೈಲಿನ ಗುಂಪುಗಳಿಗೆಲ್ಲ ಹಾಕಿದ. ಬಿಳಿ ಇಸ್ತ್ರಿ ಅಂಗಿ, ತಲೆ ತಗ್ಗಿಸಿದ ಮುಖ, ಕೈಯಲ್ಲಿ ಹೊಳೆಯುವ ಕ್ಯಾಲಿಪರ್. ಜಗತ್ತಿನ ಅನ್ಯಾಯವನ್ನು ಮಿಲಿಮೀಟರಿನಲ್ಲಿ ಅಳೆಯಲು ಹೊರಟವನಂತೆ ಕಾಣುತ್ತಿದ್ದ. ಎಂಟೂ ನಲವತ್ತಕ್ಕೆ ವಾಡಿಯಿಂದ ಫೋನ್ ಬಂತು: "ನಾವೂ ಕುಂದ್ರಬೇಕೇನು?" ಒಂಬತ್ತಕ್ಕೆ ಸೇಡಂ ಕಡೆಯ ಖಣಿಯವರು ಕೇಳಿದರು. ಮಳಖೇಡದಿಂದ ಯಾರೋ ಮುಷ್ಟಿಯ ಚಿತ್ರ ಹದಿನಾಲ್ಕು ಸಲ ಕಳಿಸಿದರು. ಒಂಬತ್ತೂವರೆಗೆ ಚಿಂಚೋಳಿಯಲ್ಲಿ ಮಾಸ್ತರಿಕೆ ಮಾಡುವ ರಾಜರತ್ನನ ಷಡ್ಡಕ, "ಅಭಿಮಾನ ಅನಿಸ್ತದ. ಜೈಲಿಗಿ ಹೋದ್ರ ತಿಳಸ್ರಿ" ಎಂದು ಬರೆದ.

ಒಂಬತ್ತೂ ನಲವತ್ತಕ್ಕೆ ಸುಜಾತಾ ಫೋನ್ ಮಾಡಿದಳು.

"ಏನ್ರಿ ಇದು? ಲೆಟರ್ ತರ್ಲಾಕ ಹೋಗಿ ಹರತಾಳ ಮಾಡಾಕತ್ತೀರಂತಲ್ಲ! ಇದಕ್ಕೇನು ನಾ ಬಿಳಿ ಅಂಗಿಗಿ ನೀಲಿ ಹಾಕಿದ್ದು?"

"ಸುಜಾತಾ, ಖರೆ ಹೇಳ್ತೀನಿ, ನಾ ಏನೂ ಮಾಡಿಲ್ಲ. ಬರೇ ಕುಂತೀನಿ."

"ಎದ್ದೇಳ್ರಿ ಮತ್ತ!"

"ಏಳಾಕ ಬಿಡವಲ್ರು."

"ಹತ್ತಕ್ಕ ಆಫೀಸಿನಾಗ ಇರಬೇಕು ನೀವು. ನಾಗರತ್ನಾ ಪೇಢಾ ತರ್ಲಾಕ ಹೋಗ್ಯಾಳ" ಎಂದು ಫೋನ್ ಇಟ್ಟಳು. ಆ ಪೇಢಾದ ಮಾತು ಕಾಲಿನ ಚೂರಿಗಿಂತ ಆಳಕ್ಕೆ ಹೊಕ್ಕಿತು.

ಹತ್ತಕ್ಕೆ ಸರಿಯಾಗಿ ಗುರುಲಿಂಗಯ್ಯ ಆಫೀಸಿನಿಂದ ಹೊರಬಂದರು. ಎರಡು ವರ್ಷದ ಹಿಂದೆ ಬೇರೆ ಊರಿಂದ ಬಂದವರು. ಒಳ್ಳೆಯ ಮನುಷ್ಯ, ರಕ್ತದೊತ್ತಡದ ಮನುಷ್ಯ. ಅವರ ಜೇಬಿನಿಂದ ಉದ್ದನೆಯ ಲಕೋಟೆಯ ತುದಿ ಇಣುಕುತ್ತಿತ್ತು. ರಾಜರತ್ನನ ಕಣ್ಣು ಅಲ್ಲಿಯೇ ನೆಟ್ಟಿತು. ಹನ್ನೆರಡು ಸಲ ಹೊಸಬನಾದವನು ಒಮ್ಮೆ ಹಳಬನಾಗುವ ಕಾಗದ ಅದು. ಮಾರು ದೂರದಲ್ಲಿತ್ತು.

"ಏನಿದು? ಐದು ಗಂಟಿಗಿ ಎರಡು ಲಾರಿ ಹೈದರಾಬಾದಿಗಿ ಹೋಗಬೇಕು. ಯಾಕ ಕುಂತೀರಿ?"

"ಹೇಳಲಾಕ ಬರಂಗಿಲ್ರಿ ಸಾಹೇಬ್ರ" ಎಂದಳು ಯಂಕಮ್ಮ ನಯವಾಗಿ.

"ಯಾಕ?"

"ಮಸ್ಟರಿನಾಗ ಇರೋರೆಲ್ಲ ಕುಂತ ಮ್ಯಾಲೇ ಕಾರಣ ಹೇಳೋದ್ರಿ. ಇನ್ನೊಬ್ರು ಕುಂದ್ರೋದು ಬಾಕಿ ಅದ."

"ಯಾರಂವ ಕುಂದ್ರದವ? ಕರೀರಿ ಅವನ್ನ!"

ಸೊಹೇಲ್ ಮಸ್ಟರನ್ನೇ ತಂದಿದ್ದ. ಬೆರಳಿಟ್ಟು ಎಣಿಸಿದ. ಒಟ್ಟು ಹೆಸರು ನಲವತ್ತಮೂರು. ಕೂತವರು ನಲವತ್ತೆರಡು. ಹೆಬ್ಬೆಟ್ಟಿನ ಮಶಿನ್ ಕೆಟ್ಟಾಗಿನಿಂದ ಎಲ್ಲರ ಹಾಜರಿಯೂ ಒಂದೇ ಪುಸ್ತಕದಲ್ಲಿತ್ತು. ನಲವತ್ತಮೂರನೆಯ ಹೆಸರು ಗುರುಲಿಂಗಯ್ಯ.

"ನೀವೇರಿ ಸರ್" ಎಂದ ಸೊಹೇಲ್.

ಗುರುಲಿಂಗಯ್ಯ ಆಕಾಶ ನೋಡಿದರು, ಗಡಿಯಾರ ನೋಡಿದರು. ಬಿಸಿಲು ಏರುತ್ತಿತ್ತು. ಕಾರಣ ಗೊತ್ತಾಗದೆ ಕಾರ್ಖಾನೆಯ ಸಾಹುಕಾರರಿಗೆ ಫೋನ್ ಮಾಡುವಂತಿಲ್ಲ. ಕೂರದೆ ಕಾರಣ ಗೊತ್ತಾಗುವಂತಿಲ್ಲ. ಮೇಲಾಗಿ ಮೊಣಕಾಲು ನೋಯುತ್ತಿತ್ತು.

"ಒಂದೇ ನಿಮಿಷ. ಬರೇ ಕೇಳಲಾಕ" ಎಂದು ಕಲ್ಲಿನ ಮೇಲೆ, ರಾಜರತ್ನನ ಇನ್ನೊಂದು ಬದಿಗೆ ಕೂತರು.

ಚಪ್ಪಾಳೆಯ ಸದ್ದಿಗೆ ಬೇವಿನ ಹಕ್ಕಿಗಳೆಲ್ಲ ಹಾರಿಹೋದವು. ಲಾಲಪ್ಪ ಕೋಲು ಎತ್ತಿ, "ಎಂಬತ್ತೇಳರಾಗೂ ಮ್ಯಾನೇಜರ್ ಕುಂತಿದ್ದಿಲ್ಲ!" ಎಂದು ಕೂಗಿದ. ಸೊಹೇಲ್ ಇನ್ನೊಂದು ಫೋಟೋ ಹೊಡೆದ.

"ಹೇಳಪಾ ಈಗ" ಎಂದರು ಗುರುಲಿಂಗಯ್ಯ.

ನಲವತ್ತೆರಡು ಜೊತೆ ಕಣ್ಣು ರಾಜರತ್ನನ ಮೇಲೆ ಬಿದ್ದವು. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ, ಅಳತೆಯ ಮನುಷ್ಯ. ಸತ್ಯ ಹೇಳಿ ಲಕೋಟೆ ತೆಗೆದುಕೊಂಡು ಹೋಗುವುದೇ ಸರಿ ಎಂದು ನಿಶ್ಚಯಿಸಿದ. ಕಾಲು ಎತ್ತಿ ತೋರಿಸಿದ.

"ಕಾಲಾಗ ಕಲ್ಲಿನ ಚೂರು ಹೊಕ್ಕಾದ್ರಿ ಸಾಹೇಬ್ರ. ಅಷ್ಟೇ. ಬ್ಯಾರೆ ಏನೂ ಇಲ್ಲ."

ಯಂಕಮ್ಮ ತನ್ನ ಕಾಲು ಮುಂದೆ ಚಾಚಿದಳು. ಅಂಗಾಲು ಒಡೆದ ಬಂಡೆಯ ಹಾಗಿತ್ತು.

"ನಂದೂ ನೋಡ್ರಿ. ಈ ಗಾಯ ದೀವಳಿಗಿಂದು. ಇದು ಯುಗಾದಿದು. ಹೊಲಿಗಿ ಹಾಕಿದ್ದು ಇಲ್ಲಿ ಅದ ನೋಡ್ರಿ."

ಸೊಹೇಲ್ ರಬ್ಬರ್ ಚಪ್ಪಲಿ ಕಳಚಿದ. ಅವನ ಹೆಬ್ಬೆರಳಿಗೆ ಉಗುರಿರಲಿಲ್ಲ. ಸುತ್ತ ಕೂತವರೆಲ್ಲ ಒಬ್ಬೊಬ್ಬರಾಗಿ ಕಾಲು ಚಾಚಿದರು. ಎಂಬತ್ತಕ್ಕೂ ಹೆಚ್ಚು ಅಂಗಾಲುಗಳು ಗುರುಲಿಂಗಯ್ಯನ ಕಡೆಗೆ ಮುಖ ಮಾಡಿ ಕೂತವು. ಅವರು ತಮ್ಮ ಶೂ ಹಾಕಿದ ಕಾಲುಗಳನ್ನು ಕಲ್ಲಿನ ಕೆಳಗೆ ಸರಿಸಿಕೊಂಡರು.

"ಇವರಪ್ಪನೂ ಇದೇ ಹೇಳಿದ್ದ!" ಎಂದು ಲಾಲಪ್ಪ ಅತ್ತೇಬಿಟ್ಟ. "ಸಂಬಳ ಅನ್ನಲಿಲ್ಲ, ಬೋನಸ್ ಅನ್ನಲಿಲ್ಲ. ಕಾಲು ಅಂದ. ಎಲ್ಲಾರ ಕಾಲು ಅಂದ!"

ಎಲ್ಲರ ಕಾಲು ಎಂದು ತಾನು ಹೇಳಿಯೇ ಇಲ್ಲವೆಂದು ರಾಜರತ್ನ ಬಾಯಿ ತೆರೆಯುವಷ್ಟರಲ್ಲಿ ಗುರುಲಿಂಗಯ್ಯನ ಫೋನ್ ಹೊಡೆದುಕೊಂಡಿತು. ಕಲಬುರಗಿಯಿಂದ ಸಾಹುಕಾರರು. ಎರಡನೆಯ ಫೋಟೋ ಅವರನ್ನು ಮುಟ್ಟಿತ್ತು. 1987ರಲ್ಲಿ ಅವರಿಗೆ ಹನ್ನೆರಡು ವರ್ಷ. ನಲವತ್ತೊಂದು ದಿನ ಅಪ್ಪ ಊಟದ ತಟ್ಟೆಯ ಮುಂದೆ ಕೂತು ಆ ಕಲ್ಲಿನ ಹೆಸರು ಹೇಳುತ್ತಿದ್ದದ್ದು ಮರೆತಿರಲಿಲ್ಲ. ಧ್ವನಿ ಎಷ್ಟು ದೊಡ್ಡದಿತ್ತೆಂದರೆ ಸ್ಪೀಕರಿನ ಅವಶ್ಯಕತೆಯೇ ಇರಲಿಲ್ಲ.

"ಗುರುಲಿಂಗಯ್ಯಾ! ನೀವೂ ಕುಂತ್ರಾ?"

"ಸರ್, ನಾ ಕಾರಣ ಕೇಳಲಾಕ ಅಂತ..."

"ನಮ್ಮಪ್ಪನ ಕಾಲಕ್ಕೂ ಮ್ಯಾನೇಜರ್ ಕುಂತಿದ್ದಿಲ್ರೀ! ಮೊದ್ಲು ಎದ್ದೇಳ್ರಿ ಅಲ್ಲಿಂದ!"

ಗುರುಲಿಂಗಯ್ಯ ಏಳಹೋದರು. ಹಿಂದಿನಿಂದ ಯಾರೋ ಅಂಗಿ ಹಿಡಿದು ಕೂರಿಸಿದರು.

"ಸರ್, ಏಳಾಕ ಬಿಡವಲ್ರು" ಎಂದರು ಅಳುಧ್ವನಿಯಲ್ಲಿ. ಅದೇ ಮಾತನ್ನು ಅರ್ಧ ಗಂಟೆಯ ಹಿಂದೆ ಹೆಂಡತಿಗೆ ಹೇಳಿದ್ದ ರಾಜರತ್ನನಿಗೆ ಅವರ ಮೇಲೆ ಅಯ್ಯೋ ಅನಿಸಿತು.

ನಲವತ್ತೊಂದು ದಿನ ನೆನಪಾಗಿರಬೇಕು, ಸಾಹುಕಾರರು ಧ್ವನಿ ಇಳಿಸಿದರು: "ಏನು ಬೇಕಂತ ಕೇಳಿ ಬರಕೋರಿ. ಐದಕ್ಕ ಲಾರಿ ಹೋಗಬೇಕು."

ಬೂಟು ಬರೆಯಲಾಯಿತು. ನಲವತ್ತೆರಡು ಜೊತೆ, ವರ್ಷಕ್ಕೊಮ್ಮೆ. ಕುಡಿಯುವ ನೀರಿನ ನಳ ಬರೆಯಲಾಯಿತು. ಎಲ್ಲ ಮುಗಿಯಿತೆಂದು ಗುರುಲಿಂಗಯ್ಯ ಪೆನ್ನು ಮುಚ್ಚುವಾಗ ಯಂಕಮ್ಮ ಗಂಟಲು ಸರಿಮಾಡಿಕೊಂಡಳು.

"ಇನ್ನೊಂದು ಅದ್ರಿ. ಯಾವುದೋ ಕಾಯಂ ಪೋಸ್ಟ್ ಬಂದದಂತ ಸುದ್ದಿ ಅದ. ಯಾರಿಗಿ ಅಂತ ಗೊತ್ತಿಲ್ಲ."

ಸುದ್ದಿ ಓಣಿಯಿಂದ ಹೊರಟು ಮೂರು ಕಿಲೋಮೀಟರ್ ನಡೆದು ಕಾರ್ಖಾನೆ ಮುಟ್ಟುವಷ್ಟರಲ್ಲಿ ಹೆಸರು ಮಾತ್ರ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು.

"ಯಾರ ಮುಖ ನೋಡಿನೂ ಕೊಡಬಾರ್ದು" ಎಂದಳು ಯಂಕಮ್ಮ. "ಯಾರು ಮೊದ್ಲು ಸೇರ್ಯಾರ ಅವರಿಗಿ ಮೊದ್ಲು. ವರ್ಷಕ್ಕೊಂದರ ಹಂಗ ಸಾಲಾಗಿ ಎಲ್ಲಾರಿಗೂ ಆಗಬೇಕು. ಹೌದಲ್ರೋ?"

"ಹೌದು!" ಎಂದು ಕೈಗಳೆಲ್ಲ ಮೇಲೆ ಹೋದವು. ಬೆಳಿಗ್ಗೆಯಿಂದ ರಾಜರತ್ನನ ಮಣಿಕಟ್ಟು ಯಂಕಮ್ಮನ ಕೈಯಲ್ಲೇ ಇದ್ದದ್ದರಿಂದ, ಅವಳು ಕೈ ಎತ್ತಿದಾಗ ಅವನ ಕೈಯೂ ಮೇಲೆ ಹೋಯಿತು.

ಗುರುಲಿಂಗಯ್ಯ ಜೇಬಿನ ಲಕೋಟೆಯನ್ನು ಮುಟ್ಟಿಕೊಂಡರು. ರಾಜರತ್ನನ ಮುಖವನ್ನೇ ನೋಡುತ್ತ ಕೇಳಿದರು.

"ರಾಜರತ್ನ, ಮೊದ್ಲು ಕುಂತವ ನೀ. ನಿನ್ನ ಮಾತಿಗಿ ಬೆಲಿ ಅದ. ವಿಚಾರ ಮಾಡಿ ಹೇಳು. ಇದನ್ನ ಬರೀಲೇನು, ಬ್ಯಾಡೇನು?"

ಯಂಕಮ್ಮ ಅವನಿಗೆ ಮಾತಾಡಲು ಅನುವಾಗಲೆಂದು ಕೈ ಬಿಟ್ಟಳು. ಎಲ್ಲರೂ ನೋಡಿದರು. ಅವನ ಎದುರಿಗೆ ಆ ಅಂಗಾಲುಗಳು ಇನ್ನೂ ಹಾಗೇ ಚಾಚಿಕೊಂಡಿದ್ದವು. ದೀವಳಿಗೆಯ ಗಾಯ, ಯುಗಾದಿಯ ಗಾಯ. ರಾಜರತ್ನ ಲಕೋಟೆಯನ್ನು ನೋಡಿದ. ಪೇಢಾ ನೆನಪಾಯಿತು. ಆಮೇಲೆ ತನ್ನ ಕೈಯನ್ನು ನೋಡಿದ. ಯಾರೂ ಹಿಡಿದಿರದಿದ್ದರೂ ಅದು ಮೇಲೆಯೇ ಇತ್ತು.

"ಬರೀರಿ ಸಾಹೇಬ್ರ" ಎಂದ.

ಹನ್ನೊಂದೂವರೆಗೆ ಸಾಹುಕಾರರ ಒಪ್ಪಿಗೆ ಬಂತು. ಹನ್ನೊಂದೂ ಮೂವತ್ತೈದಕ್ಕೆ ಮಶಿನ್‌ಗಳು ಶುರುವಾದವು. ಗಾಳಿಯಲ್ಲಿ ನಿಂತಿದ್ದ ಸೊಹೇಲನ ಕಲ್ಲುಗಳು ಕೆಳಗಿಳಿದವು. ನಲವತ್ತೊಂದು ದಿನದ ಲೆಕ್ಕದಲ್ಲಿ ಉಪ್ಪಿನಕಾಯಿ ಭರಣಿಯನ್ನೇ ತರಿಸಿದ್ದ ಲಾಲಪ್ಪನಿಗೆ ಮಾತ್ರ ಇಷ್ಟು ಬೇಗ ಗೆದ್ದದ್ದು ಕೊಂಚ ಬೇಸರ ತಂದಿತು.

ಮಧ್ಯಾಹ್ನ ಯಂಕಮ್ಮ ಒಂದು ಲಕೋಟೆ ಹಿಡಿದುಕೊಂಡು ಅಳತೆಯ ಮೇಜಿನ ಬಳಿಗೆ ಬಂದಳು.

"ಸಾಹೇಬ್ರು ಕರದು ಕೊಟ್ರು. ನನಗ ಓದಾಕ ಬರಂಗಿಲ್ಲ. ನೀನೇ ಓದಪಾ. ನಿನ್ನ ಬಿಟ್ಟು ಬ್ಯಾರೆ ಯಾರ ಕೈಲಿ ಓದಸಿದ್ರೂ ನನಗ ಸೇರಂಗಿಲ್ಲ."

ರಾಜರತ್ನ ಬಿಡಿಸಿದ. ಯಾರ್ಡ್ ಸೂಪರ್‌ವೈಸರ್, ಕಾಯಂ. ಹೆಸರಿನ ಜಾಗದಲ್ಲಿ ಬಿಳಿ ಬಣ್ಣ ಬಳಿದು, ಅದರ ಮೇಲೆ ಅವಳ ಹೆಸರು ಬರೆದಿತ್ತು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಬೆಳಕಿಗೆ ಹಿಡಿದರೆ ಕೆಳಗಿನ ಅಕ್ಷರ ನಾಲ್ಕೂ ಕಾಣುತ್ತಿದ್ದವು. ಅವನು ಬೆಳಕಿಗೆ ಹಿಡಿಯದೆ, ಮೊದಲಿನಿಂದ ಕೊನೆಯವರೆಗೆ, ಸಹಿಯ ಕೆಳಗಿನ ತಾರೀಖಿನ ಸಮೇತ ಓದಿ ಹೇಳಿದ. ಯಂಕಮ್ಮ ಎರಡನೆಯ ಸಲ ಓದಿಸಿದಳು. ಮೂರನೆಯ ಸಲ ಓದುವಾಗ ಅವನಿಗೆ ಅದು ಬಾಯಿಪಾಠವಾಗಿತ್ತು.

ಅವಳು ಹೋದ ಮೇಲೆ ಮಸ್ಟರ್ ತೆಗೆದು ತನ್ನ ಸರದಿ ಎಣಿಸಿದ. ಹದಿನೈದನೆಯದು. ವರ್ಷಕ್ಕೊಬ್ಬರಂತೆ, ಈ ವರ್ಷ ಯಂಕಮ್ಮ ಎಂದರೆ, ಅವನದು ಇನ್ನು ಹದಿನಾಲ್ಕು ವರ್ಷಕ್ಕೆ. ಆಗ ಅವನಿಗೆ ಐವತ್ತೆಂಟು ತುಂಬುತ್ತದೆ. ಕಾರ್ಖಾನೆಯಲ್ಲಿ ನಿವೃತ್ತಿಯ ವಯಸ್ಸು ಐವತ್ತೆಂಟು. ಕಾಯಂ ಆದ ಕಾಗದ ಮತ್ತು ಮನೆಗೆ ಕಳಿಸುವ ಕಾಗದ ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಬಹುದು.

ಐದಕ್ಕೆ ಲಾರಿಗಳು ಹೋದವು. ಐದೂವರೆಗೆ ಭೋಂಗಾ ಕೂಗಿತು. ರಾಜರತ್ನ ಕುಂಟುತ್ತ ಬಂದು ಬೇವಿನ ಕೆಳಗಿನ ಕಲ್ಲಿನ ಮೇಲೆ ಕೂತ. ಈಗ ಕೂತರೆ ಯಾವ ಅಪಾಯವೂ ಇರಲಿಲ್ಲ. ಲಾಲಪ್ಪ ಆಗಲೇ ಅಲ್ಲಿದ್ದ, ಬಿಸಿಲಿಗೆ ಬೆನ್ನು ಕೊಟ್ಟುಕೊಂಡು.

"ಕಾಕಾ, ಒಂದು ಮಾತು ಹೇಳ್ತೀನಿ. ಬೈಬ್ಯಾಡ."

"ಹೇಳು ಮಗಾ."

"ನಾ ಹರತಾಳಕ್ಕ ಕುಂತಿದ್ದಿಲ್ಲ. ಖರೇನೇ ಚೂರು ಹೊಕ್ಕಿತ್ತು. ತಗೀಲಾಕ ಕುಂತಿದ್ದೆ. ನೀವೆಲ್ಲ ಬಂದು ಕುಂತ್ರಿ."

ಲಾಲಪ್ಪ ಬೀಡಿ ಹಚ್ಚಿದ.

"ಯಾವ ಕಾಲು?"

"ಎಡಗಾಲು."

"ನಿಮ್ಮಪ್ಪಂದೂ ಎಡಗಾಲೇ."

ರಾಜರತ್ನ ಅವನ ಕಡೆ ತಿರುಗಿದ.

"ಮೂರನೇ ದಿನ ನಾನೇ ಪಿನ್ನಿನಿಂದ ತಗದೆ" ಎಂದ ಲಾಲಪ್ಪ. "ಎಲ್ಲಾರೂ ಬಂದು ಸುತ್ತ ಕುಂತ ಮ್ಯಾಲ ನಿಮ್ಮಪ್ಪಗ ಹೆದರಿಕಿ ಹತ್ತಿತು. ಯಾರು ಏನು ಕೇಳಿದ್ರೂ ಕಾಲು, ಕಾಲು ಅಂತಿದ್ದ. ಹಿಂಗಾದ್ರ ಮಂದಿ ಎದ್ದು ಹೋಗ್ತಾರಂತ ನಾನೇ ಕಾಯ್ದೆ ಮಾಡ್ದೆ, ಕಡೀ ಮನಿಷಾ ಕುಂದ್ರೋತನಕ ಕಾರಣ ಹೇಳಬಾರ್ದು ಅಂತ. ಹಿರ್ಯಾರ ಕಾಯ್ದೆ ಅಂತ ಹೇಳ್ದೆ. ಆವಾಗ ಅಲ್ಲಿದ್ದೋರಾಗ ಹಿರಿಯಂವ ನಾನೇ, ಮೂವತ್ತೊಂಬತ್ತು ವರ್ಷದಂವ."

"ಅಂದ್ರ ಆ ಹರತಾಳ ಎಲ್ಲಾ ಸುಳ್ಳೇನು ಕಾಕಾ?"

"ಸುಳ್ಳೆಂಗ? ನಲವತ್ತೊಂದು ದಿನ ನಾವು ಖರೇನೇ ಕುಂತಿದ್ದೆವಲ್ಲ" ಎಂದ ಲಾಲಪ್ಪ, ಅವನ ದಡ್ಡತನಕ್ಕೆ ಆಶ್ಚರ್ಯಪಟ್ಟವನಂತೆ. "ಬೂಟೂ ಖರೇನೇ ಬಂದವು."

ರಾಜರತ್ನನ ಫೋನ್ ಹೊಡೆದುಕೊಂಡಿತು. ಸುಜಾತಾ.

"ಲೆಟರ್ ಬಂತಾ?"

"ಬಂತು."

"ಯಾರಿಗಿ?"

ಅವಳ ಪ್ರಶ್ನೆ ಎಷ್ಟು ಸರಿಯಾಗಿತ್ತೆಂದರೆ ಅವನಿಗೆ ನಗು ಬಂತು. ಹೇಳಿದ. ಆ ಕಡೆ ಡಬ್ಬಿಯ ಮುಚ್ಚಳ ಹಾಕಿದ ಸದ್ದು ಕೇಳಿಸಿತು.

"ಪೇಢಾ ತಂದಾಗ್ಯಾದ. ಯಂಕಮ್ಮನ ಮನೀಗೆ ಕೊಟ್ಟು ಬರ್ತೀನಿ" ಎಂದಳು ಸುಜಾತಾ. "ನೀವು ಆ ಟಾಯರ್ ಚಪ್ಲಿನೇ ಹಾಕ್ಕೊಂಡು ಹೋಗಿದ್ರ ಛಲೋ ಇತ್ತು."

"ಹೌದು" ಎಂದ ರಾಜರತ್ನ.

ಕಾಲನ್ನು ತೊಡೆಯ ಮೇಲಿಟ್ಟುಕೊಂಡ. ಲಾಲಪ್ಪ ತನ್ನ ಬನಿಯನ್ನಿನ ಪಿನ್ನು ಬಿಚ್ಚಿ ಕೊಟ್ಟ. ಆ ಕಾಲದ್ದೇ ಪಿನ್ನೆಂದು ಹೇಳಿದ, ನಂಬುವುದು ಕಷ್ಟ. ಮೂರನೆಯ ಪ್ರಯತ್ನಕ್ಕೆ ಚೂರು ಹೊರಬಂತು. ಬೂದು ಬಣ್ಣದ್ದು, ಒಂದು ಬದಿಗೆ ಪಾಲಿಶ್ ಆಗಿತ್ತು. ತನ್ನ ಮೇಜಿನಿಂದಲೇ ಹೋದ ಕಲ್ಲಿನದಿರಬೇಕು.

"ಅಳದು ನೋಡು ಮಗಾ, ಎಷ್ಟದ" ಎಂದ ಲಾಲಪ್ಪ. "ನಿ‌ಮ್ಮಪ್ಪಂದು ಅಳೀಲಾಕ ಆಗಿದ್ದಿಲ್ಲ."

ರಾಜರತ್ನ ಕ್ಯಾಲಿಪರಿನ ಎರಡು ದವಡೆಗಳ ನಡುವೆ ಚೂರನ್ನಿಟ್ಟು, ಬೆಳಕಿಗೆ ತಿರುಗಿಸಿ, ಕಣ್ಣು ಕಿರಿದು ಮಾಡಿ ಎರಡು ಸಲ ಓದಿದ. ಮೂರು ಪಾಯಿಂಟ್ ನಾಲ್ಕು ಮಿಲಿಮೀಟರ್.